ಮಾಂಡೂಳದ ಸೌದಾ

ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಗೆ ಒಂದು ಗುರುತಿನ ಚೀಟಿ ತೂಗುಬಿದ್ದಿದೆ. ಹಸಿರು ಪಟ್ಟಿ, ಪ್ಲಾಸ್ಟಿಕ್ ಕವಚ. ಒಂದು ಮೂಲೆಯಲ್ಲಿ ಕಣ್ಣು ಹೊರಬಂದ ಕಪ್ಪೆಯ ಚಿತ್ರ, ಇನ್ನೊಂದು ಮೂಲೆಯಲ್ಲಿ ಅದಕ್ಕಿಂತ ತುಸು ಹೆಚ್ಚೇ ಕಣ್ಣು ಹೊರಬಂದ ನನ್ನ ಚಿತ್ರ. ಕೆಳಗೆ ‘ಸಂವಹನ ಇಂಟರ್ನ್’ ಎಂದು ಬರೆದಿದೆ. ಗಡಿಯಾಚೆ ಮಹಾರಾಷ್ಟ್ರದ ನಿಲಂಗಾದಲ್ಲಿ ಸೀರೆ, ಕುಪ್ಪಸದ ಬಟ್ಟೆ ಮಾರುವ ಹೆಂಗಸಿಗೂ ಕಪ್ಪೆಗೂ ಏನು ಸಂಬಂಧ ಎಂದು ಬಂದವರೆಲ್ಲ ಕೇಳುತ್ತಾರೆ. ಮೊನ್ನೆ ಉಮರ್ಗಾದಿಂದ ಮದುವೆ ಜವಳಿಗೆ ಬಂದ ಹಿರಿಯರೊಬ್ಬರು ಕನ್ನಡಕ ಏರಿಸಿ ಅದನ್ನು ಓದಿ, “ಯಾಕ್ರೀ ಅಕ್ಕಾರೆ, ಕಪ್ಪಿ ಧಂದಾ ಸುರು ಮಾಡೀರೇನು? ಕಿಲೋ ಹ್ಯಾಂಗ?” ಎಂದರು. ಅವರಿಗೆ ಎರಡು ಸೀರೆ ಹೆಚ್ಚು ಮಾರಿ ಸೇಡು ತೀರಿಸಿಕೊಂಡೆ.

ಐವತ್ತೆರಡನೆಯ ವಯಸ್ಸಿಗೆ ನಾನು ಇಂಟರ್ನ್ ಆದದ್ದು ಹೇಗೆಂದರೆ, ಮಗಳಿಗೆ ಗಂಡು ನೋಡಲು ಹೋದ ತಾಯಿಯನ್ನೇ ಒಪ್ಪಿಕೊಂಡುಬಿಟ್ಟ ಹಾಗೆ. ಮಗಳು ಪೂಜಾ ಉದಗೀರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಹಾವು, ಹಲ್ಲಿ, ಆಮೆ, ಕಪ್ಪೆಗಳನ್ನು ಉಳಿಸುವ ಯಾವುದೋ ಸಂಸ್ಥೆಗೆ ಬೇಸಿಗೆ ರಜೆಯಲ್ಲಿ ಅರ್ಜಿ ಹಾಕಿದ್ದಳು. ಮನೆಯಲ್ಲೇ ಕೂತು, ಫೋನಿನಲ್ಲೇ ಮಾಡುವ ಕೆಲಸ. ರೈತರಿಗೆ, ಮನೆ ಹೆಂಗಸರಿಗೆ ತಿಳಿಯುವ ಹಾಗೆ ಸಂದೇಶ ಬರೆದು ಹಳ್ಳಿಗಳಿಗೆ ಮುಟ್ಟಿಸಬೇಕು. ಸಂದರ್ಶನವೂ ಫೋನಿನಲ್ಲೇ. ಸೀರೆಗಳ ಒಟ್ಟಿಲಿಗೆ ಫೋನು ಆನಿಸಿಟ್ಟುಕೊಂಡು ಪೂಜಾ ಕೂತಳು. ಹುಡುಗಿಗೆ ಯಾರೂ ಮೋಸ ಮಾಡಬಾರದೆಂದು ನಾನು ಚಿತ್ರದಲ್ಲಿ ಬೀಳದ ಹಾಗೆ ಪಕ್ಕದಲ್ಲಿ ಕೂತೆ.

ಆ ಕಡೆ ಮೈಸೂರಿನಿಂದ ಮೇಘನಾ ಎಂಬ ಹುಡುಗಿ. ಈ ಕೆಲಸವನ್ನೆಲ್ಲ ನೋಡಿಕೊಳ್ಳುವವಳು ಅವಳೇ. “ಪೂಜಾ, ನಿಮ್ಮ ಗಡಿ ಭಾಗದ ಕನ್ನಡದಲ್ಲಿ ಎರಡು ಸಾಲು ಬರೆದು ತೋರಿಸ್ತೀರಾ?” ಎಂದಳು. ಪೂಜಾ ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡಲು ನಿಂತರೆ ಊರು ಎದ್ದು ಬರುತ್ತದೆ, ಬರೆಯಲು ಕೂತರೆ ‘ಪ’ ಮತ್ತು ‘ವ’ ಎರಡೂ ಒಂದೇ ಮನೆಯವರು. ನಾನು ಭಾಲ್ಕಿ ಕಡೆಯವಳು, ಏಳನೆಯ ತರಗತಿಯವರೆಗೆ ಕನ್ನಡ ಶಾಲೆ. ತಡೆಯಲಾಗಲಿಲ್ಲ. ತಲೆ ಒಳಗೆ ಹಾಕಿ, “ನಾ ಬರೀತೀನಿ ಬಿಡವಾ” ಎಂದೆ.

ಮೇಘನಾ ನಕ್ಕಳು. “ಆಂಟಿ, ನಿಮಗೆ ಸರೀಸೃಪಗಳ ಜೊತೆ ಏನಾದ್ರೂ ಅನುಭವ ಇದೆಯಾ?”

“ಸರೀಸೃಪ ಅಂದ್ರ?”

“ಹಾವು, ಹಲ್ಲಿ...”

“ಹಲ್ಲಿ ಜೋಡಿ ಇಪ್ಪತ್ ವರ್ಷದಿಂದ ಪಾರ್ಟ್ನರ್‌ಶಿಪ್ ಅದ ನಂದು.”

ಸುಳ್ಳೇನಲ್ಲ. ನಮ್ಮ ಅಂಗಡಿಯ ಕ್ಯಾಲೆಂಡರಿನ ಹಿಂದೆ ಒಂದು ಹಲ್ಲಿ ಇದೆ. ಗಿರಾಕಿಯ ಎದುರು “ಇದಕ್ಕಿಂತ ಕಡಿಮಿ ನನಗ ಬಿದ್ದೇ ಇಲ್ಲ” ಎಂದು ನಾನು ಹೇಳುವ ಹೊತ್ತಿಗೆ ಅದು ಲೊಚ್ ಎಂದರೆ ಮುಗಿಯಿತು. “ನೋಡ್ರಿ, ಹಲ್ಲಿ ನುಡೀತು” ಎಂದು ನೆಲಕ್ಕೆ ಬೆರಳು ಬಡಿಯುತ್ತೇನೆ. ಗಿರಾಕಿಯೂ ಬಡಿಯುತ್ತಾಳೆ. ಆಮೇಲೆ ಯಾರೂ ಚೌಕಾಸಿ ಮಾಡುವುದಿಲ್ಲ. ಪಗಾರ ಕೇಳದ, ರಜೆ ಕೇಳದ ಅಂಥ ಸಾಕ್ಷಿ ನನಗೆ ಇನ್ನೊಂದು ಸಿಕ್ಕಿಲ್ಲ. ಇದನ್ನೆಲ್ಲ ವಿವರಿಸಿದೆ. ಮೇಘನಾ ಏನೋ ಬರೆದುಕೊಂಡಳು.

ಕೊನೆಗೆ ಚಿತ್ರ ಮಾಡುವ ಕೆಲಸ ಮಗಳಿಗೆ, ಅಕ್ಷರದ ಕೆಲಸ ನನಗೆ ಎಂದಾಯಿತು. “ಆದ್ರೆ ಆಂಟಿ, ಸಂಬಳ ಇರೋದಿಲ್ಲ” ಎಂದಳು ಮೇಘನಾ.

“ಇಲ್ಲ ಅಂಬೋದು ಮೊದಲ್ನೇ ಭಾವ. ಕಡೀ ರೇಟು ಹೇಳವಾ.”

“ಕಡೇದೂ ಇಲ್ಲಾನೇ ಆಂಟಿ.”

ಇಂಥಲ್ಲಿ ಎದ್ದು ಹೋಗಬಾರದು ಎಂಬುದು ನಿಮಗೆ ನನ್ನ ಸಲಹೆ. ಹಣ ಇಳಿಯದಿದ್ದರೆ ಬೇರೆ ಏನು ಇಳಿಯುತ್ತದೆ ನೋಡಬೇಕು. ಮೂರು ತಿಂಗಳನ್ನು ಎರಡೂವರೆಗೆ ಇಳಿಸಿದೆ. ವಾರಕ್ಕೆ ಎರಡು ಸಭೆಯನ್ನು ಒಂದಕ್ಕೆ ತಂದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಕಳಿಸಬೇಕೆಂದೆ. ಅದು ಆಗಲಿಲ್ಲ, ಬದಲಿಗೆ ಈ ಗುರುತಿನ ಚೀಟಿ ಬಂತು. ಪೂಜಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. “ಅವ್ವಾ, ಫುಕಟ್ ಕೆಲಸಕ್ಕ ಯಾರರ ಸೌದಾ ಮಾಡ್ತಾರೇನು?”

ಮಾಡುತ್ತಾರೆ. ನಮ್ಮವ್ವ ಮಾಡುತ್ತಿದ್ದಳು. ಅವಳು ಭಾಲ್ಕಿಯ ಸಂತೆಗೆ ನನ್ನನ್ನು ಎಂಟು ವರ್ಷದವಳಿದ್ದಾಗಲೇ ಬದನೆಕಾಯಿ ತರಲು ಕಳಿಸುತ್ತಿದ್ದಳು. ಬುಟ್ಟಿಯ ಮುಂದೆ ಕೂತ ಕೂಡಲೇ ಬೆಲೆ ಕೇಳಬಾರದು. ಮೊದಲು ಒಂದು ಕಾಯಿ ಎತ್ತಿ, ತೊಟ್ಟು ನೋಡಿ, ನಿಟ್ಟುಸಿರು ಬಿಡಬೇಕು. ಆಮೇಲೆ ಅದನ್ನು ಹಾಗೇ ಇಟ್ಟು ಪಕ್ಕದ ಬುಟ್ಟಿ ನೋಡಬೇಕು. ಬೇಕಾದ್ದಕ್ಕೆ ಹೆಸರಿಡಬೇಕು, ಎಂದರೆ ಕೊಂಕು ಹುಡುಕಬೇಕು; ಮಾರುವುದನ್ನು ಹೊಗಳಬೇಕು. ಈ ಎರಡರ ಮೇಲೆಯೇ ನಾನು ತಲೆಯ ಮೇಲೆ ಸೀರೆ ಗಂಟು ಹೊತ್ತು ಕಾಸಾರಶಿರಸಿ, ಮುರುಮ, ಜಳಕೋಟ ಎಂದು ಬಸ್ಸು ಹತ್ತಿ ಇಳಿದು, ಕಡೆಗೆ ನಿಲಂಗಾದಲ್ಲಿ ಶಟರು ಇರುವ ಅಂಗಡಿ ಮಾಡಿದ್ದು. ನಿಟ್ಟುಸಿರನ್ನು ಮಾತ್ರ ಇಂದಿಗೂ ಅವ್ವನ ಹಾಗೆ ಬಿಡಲು ಬರುವುದಿಲ್ಲ. ಅವಳ ನಿಟ್ಟುಸಿರಿಗೆ ಬದನೆಕಾಯಿಯೇ ನಾಚಿ ಬಾಡುತ್ತಿತ್ತು.

ಮೊದಲ ವಾರಗಳಲ್ಲಿ ನನ್ನ ಬರಹಕ್ಕೆ ಮೇಘನಾ ಕತ್ತರಿ ಆಡಿಸಿದ್ದೇ ಆಡಿಸಿದ್ದು. ಕಪ್ಪೆಯ ಬಗ್ಗೆ, “ನಿಮ್ಮ ಹೊಲದ ಹುಳಕ್ಕೆ ನಂಬಿಕಸ್ಥ ಮದ್ದು, ಮನೆಮಂದಿಗೆಲ್ಲ ಮೆಚ್ಚುಗೆ” ಎಂದು ಬರೆದಿದ್ದೆ. ಹೊಡೆದು ಹಾಕಿದಳು. “ಇಂದೇ ಭೇಟಿ ಕೊಡಿ” ಎಂಬುದನ್ನೂ ಹೊಡೆದಳು. “ಇರುವವರೆಗೆ ಮಾತ್ರ” ಎಂಬುದೊಂದನ್ನು ಹಾಗೇ ಉಳಿಸಿದಳು. ಉಡದ ಬಗ್ಗೆ ಬರೆದಾಗ, “ಆಂಟಿ, ಇದು ಸೇಲ್ ಅಲ್ಲ” ಎಂದು ಮೆತ್ತಗೆ ಹೇಳಿದಳು. ಅವಳು ನೋಡಿ ಸೈ ಅಂದಮೇಲೆಯೇ ಯಾವುದನ್ನಾದರೂ ಹಂಚಬೇಕು ಎಂಬುದು ಕರಾರು.

ಆ ಕರಾರನ್ನು ನಾನು ಮುರಿದದ್ದು ಒಂದೇ ಸಲ. ಅದೂ ಮಾಂಡೂಳದ ವಿಷಯದಲ್ಲಿ.

ಮಾಂಡೂಳ ಎಂದು ಮರಾಠಿಯಲ್ಲಿ ಕರೆಯುವುದು ನಮ್ಮ ಮಣ್ಣುಮುಕ್ಕ ಹಾವನ್ನು. ದಪ್ಪ, ಮೊಂಡು, ಪಾಪದ್ದು. ವಿಷವಿಲ್ಲ. ಮಣ್ಣೊಳಗೆ ಇದ್ದು ಇಲಿ ತಿನ್ನುತ್ತದೆ. ಬಾಲವೂ ತಲೆಯಷ್ಟೇ ದಪ್ಪವಾದ್ದರಿಂದ ಜನ ಎರಡು ತಲೆ ಹಾವು ಎನ್ನುತ್ತಾರೆ. ಅದು ಮನೆಯಲ್ಲಿದ್ದರೆ ಹೂತಿಟ್ಟ ನಿಧಿ ತೋರಿಸುತ್ತದೆ, ರೋಗ ಹೋಗುತ್ತದೆ ಎಂದು ಯಾರೋ ಹಬ್ಬಿಸಿ, ಲಕ್ಷದ ಮಾತಾಡಿ, ಕದ್ದು ಕೊಳ್ಳುವ ದಲ್ಲಾಳಿಗಳು ಹುಟ್ಟಿಕೊಂಡಿದ್ದಾರೆ. ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ಇದರ ಬಗ್ಗೆ ಬರೆಯಬೇಕಿತ್ತು. ಮೇಘನಾ ನಾಲ್ಕು ದಿನ ಯಾವುದೋ ಕಾಡಿಗೆ ಹೋಗಿದ್ದಳು, ಫೋನು ಹತ್ತುತ್ತಿರಲಿಲ್ಲ. ನಾನು ಖುಷಿಯಿಂದ ಬರೆದೆ, ಮಗಳು ಖುಷಿಯಿಂದ ಹಾವಿನ ಚಿತ್ರ ಮಾಡಿದಳು. ತಾಜಾ ಮಾಲನ್ನು ನಾಲ್ಕು ದಿನ ಕಟ್ಟಿಡುವುದೆಂದರೆ ನನಗೆ ಆಗದು. ಹಳ್ಳಿಗಳ ಗುಂಪುಗಳಿಗೆಲ್ಲ ಹಾಕಿಬಿಟ್ಟೆ.

“ಮಾಂಡೂಳ! ನಿಮ್ಮ ಹೊಲದಲ್ಲಿರುವ ಬೆಲೆ ಕಟ್ಟಲಾಗದ ಆಸ್ತಿ. ಕಂಡರೆ ಕೂಡಲೇ ತಿಳಿಸಿ.” ಕೆಳಗೆ ನನ್ನ ಅಂಗಡಿಯ ನಂಬರು.

ನಗಬೇಡಿ. ಹೊಗಳಿದ ಮಾಲಿಗೆ ಬೆಲೆ ಏರುತ್ತದೆ ಎಂಬುದು ಈ ಮೂರು ತಾಲೂಕಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ.

ಮಂಗಳವಾರ ಬೆಳಿಗ್ಗೆ ಶಟರು ಅರ್ಧ ಎತ್ತಿದ್ದೆ, ಫೋನು ಬಂತು.

“ಮಾಂಡೂಳ್ ತಗೊಳ್ಳವ್ರು ನೀವೇನ್ರೀ?”

ದಿನದ ಮೊದಲ ಗಿರಾಕಿ ಎಂದರೆ ಬೋಣಿ. ಬೋಣಿಯವರನ್ನು ಬರಿಗೈಲಿ ಕಳಿಸಿದರೆ ದಿನವೆಲ್ಲ ಹಾಳು ಎಂದು ನಾವು ಅಂಗಡಿಯವರು ನಂಬುತ್ತೇವೆ. ಇಷ್ಟು ವರ್ಷದಲ್ಲಿ ಒಂದು ಬೋಣಿಯನ್ನೂ ನಾನು ತಿರುಗಿಸಿದವಳಲ್ಲ. ‘ಅಲ್ಲಪ್ಪಾ, ಮಾರಬಾರದು’ ಎಂದು ಹೇಳುವ ಮೊದಲೇ ಬಾಯಿ ತನ್ನ ಕೆಲಸ ಶುರುಮಾಡಿತು.

“ಮಾಲ್ ಹ್ಯಾಂಗದ?”

“ಫಸ್ಟ್ ಕ್ಲಾಸ್ ಅದ್ರೀ ಅಕ್ಕಾ. ಎರಡ್ ತಲಿ.”

“ಎರಡಕ್ಕೂ ಬಾಯಿ ಅವೇನು?”

“ಒಂದಕ್ಕ ಅದ್ರೀ.”

“ಮತ್ತ ಇನ್ನೊಂದು ಬಾಲ ಅದ. ಬಾಲಕ್ಕ ತಲೀ ಭಾವ ಹಚ್ಚತೀರೇನು?”

“ತೂಕ ಛಲೋ ಅದ್ರೀ.”

“ಇಲಿ ನುಂಗಿರಬೇಕು. ಹೊಟ್ಟ್ಯಾಗಿನ ಇಲೀಗೂ ನಾ ರೊಕ್ಕ ಕೊಡ್ಬೇಕೇನು? ಬಣ್ಣ ಯಾವ್ದು?”

“ಕೆಂಪ್ರೀ.”

“ಎಂಥಾ ಕೆಂಪು? ಕುಂಕುಮದ್ದೋ, ಇಟ್ಟಂಗೀದೋ?”

“ಇಟ್ಟಂಗಿ ಅನ್ರಿ.”

“ಇಟ್ಟಂಗಿ ಈಗ ಯಾರ್ ಕೇಳ್ತಾರಪ್ಪಾ!”

ಲಕ್ಷದಿಂದ ಶುರುಮಾಡಿದವನು ಸಾವಿರಕ್ಕೆ ಬಂದ. ಸಾವಿರವನ್ನೂ ನಾನು ಚಿಂದಿ ಮಾಡಿದೆ. ಎಷ್ಟೋ ದಿನದ ಮೇಲೆ ಕೈಗೆ ಸಿಕ್ಕ ಒಳ್ಳೆಯ ಸೌದಾ. ನಾನು ಕೊಳ್ಳುವವಳಲ್ಲ ಎಂಬುದೇ ಮರೆತುಹೋಗಿತ್ತು. “ಬಂದು ನೋಡ್ತೀನಿ, ಊರು ಹೇಳು” ಎಂದು ಹೆಸರು, ಹಳ್ಳಿ, ಮನೆಯ ಗುರುತು ಎಲ್ಲ ಬರೆದುಕೊಂಡೆ. ಗುಂಡಪ್ಪ ಎಂದು ಹೆಸರು. ಕಾಸಾರಶಿರಸಿಯಿಂದ ಮುಂದೆ ಒಂದು ಹಳ್ಳಿ. ಅಷ್ಟರಲ್ಲಿ ಅವನಿಗೆ ಸಿಟ್ಟು ಬಂತು.

“ನೀವೇ ಬರ್ದೀರಲ್ರೀ ಬೆಲಿ ಕಟ್ಟಾಕ ಆಗಲ್ಲಂತ! ಅದು ಓದೇ ನಾ ಅಗದು ತೆಗದೀನಿ. ಐದಾರು ವರ್ಷದಿಂದ ನಮ್ಮ ಬದುವಿನ್ಯಾಗೇ ಅದ. ಒಂದಿನ ಮುಟ್ಟಿದವ್ನಲ್ಲ. ನಿಮಗ ಬ್ಯಾಡಾದ್ರ ಬಿಡ್ರಿ, ಗುರುವಾರ ಹೊರಗಿನ ಪಾರ್ಟಿ ಬರ್ಲತ್ತದ.”

ಫೋನು ಇಟ್ಟ. ಅರ್ಧ ಎತ್ತಿದ ಶಟರಿನ ಕೆಳಗೆ ನಾನು ಹಾಗೇ ಕೂತೆ. ತನ್ನ ಪಾಡಿಗೆ ಬದುವಿನಲ್ಲಿ ಇಲಿ ತಿಂದುಕೊಂಡಿದ್ದ ಜೀವ. ಅದನ್ನು ಅಗೆದು ತೆಗೆಸಿದ್ದು ದಲ್ಲಾಳಿಯಲ್ಲ, ನನ್ನ ಎರಡು ಸಾಲು. ಗುರುವಾರಕ್ಕೆ ಎರಡೇ ದಿನ.

ಅದೃಷ್ಟಕ್ಕೆ ಮೇಘನಾ ಕಾಡಿನಿಂದ ಬಂದಿದ್ದಳು. ಎಲ್ಲ ಹೇಳಿದೆ.

“ಆಂಟಿ, ನೀವು ದರ ಮಾತಾಡಿದ್ರಾ?”

“ಮಾತಾಡೀನಿ. ಆದ್ರ ಭಾಳ ಇಳಿಸೀನವಾ.”

“ಇಳಿಸಿದ್ರೂ ಅಪರಾಧನೇ ಆಂಟಿ!”

ಅವಳು ಕೂಗಿದ್ದು ಅದೇ ಮೊದಲು. ಆಮೇಲೆ ತಣ್ಣಗಾಗಿ ಹೇಳಿದಳು. ಮೊದಲು ಆ ಸಂದೇಶ ಅಳಿಸಬೇಕು. ಬುಧವಾರ ಸಂಜೆಯೊಳಗೆ ಅವರಾಗಿಯೇ ಹಾವನ್ನು ತೆಗೆದ ಜಾಗದಲ್ಲೇ ಬಿಟ್ಟರೆ ಸರಿ, ಇಲ್ಲದಿದ್ದರೆ ಗುರುವಾರ ಬೆಳಿಗ್ಗೆ ಅರಣ್ಯ ಇಲಾಖೆಗೆ ಹೇಳದೆ ಗತಿಯಿಲ್ಲ. ಇಲಾಖೆಯವರು ಬಂದರೆ ಗುಂಡಪ್ಪನ ಕೈಗೆ ಬೇಡಿ. “ನೀವು ಮಾತಾಡಿ. ಆದ್ರೆ ಬೆಲೆ ಹೇಳಬಾರದು. ಹಾವಿಗೆ ಬದಲಾಗಿ ಏನೂ ಕೊಡಬಾರದು. ಕೊಡ್ತೀನಿ ಅಂತ ಮಾತೂ ಕೊಡಬಾರದು.”

“ಮತ್ತ ಮಾತಾಡೂದಾದ್ರೂ ಏನವಾ?” ಎಂದೆ.

ಮನೆಯಲ್ಲಿ ಕೂತು ಮಾಡುವ ಕೆಲಸ ಎಂದು ಒಪ್ಪಿಕೊಂಡವಳು, ಸಂದೇಶ ಅಳಿಸಿ, ಬುಧವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಕಾಸಾರಶಿರಸಿಯಲ್ಲಿ ಇಳಿದು ಟಮ್‌ಟಮ್ ಆಟೋ ಹಿಡಿದು ಹಳ್ಳಿಗೆ ಹೋದೆ. ಬಿಸಿಲು ಆಗಲೇ ತಲೆಗೆ ಏರಿತ್ತು. ಗುಂಡಪ್ಪನ ಮನೆಯ ಕಟ್ಟೆಯ ಮೇಲೆ ಅವನ ಹೆಂಡತಿ ಮಹಾನಂದಾ ಹುಣಸೆಹಣ್ಣು ಬಡಿಯುತ್ತ ಬೀಜ ತೆಗೆಯುತ್ತಿದ್ದಳು. ನನ್ನನ್ನು ನೋಡಿದಳು, ಕೋಲು ಕೆಳಗಿಟ್ಟಳು.

“ನೀವು ಸೀರಿ ಅಕ್ಕ ಅಲ್ಲೇನ್ರೀ? ಗಂಟು ಹೊತ್ಕೊಂಡು ಬರ್ತಿದ್ರಿ?”

ಗುರುತು ಸಿಕ್ಕಿತೆಂದು ನಾನು ಹಿಗ್ಗಿದೆ. ಅರ್ಧ ಕೆಲಸ ಆಯಿತು ಅಂದುಕೊಂಡೆ.

“ನನ್ ಮದುವೀ ಹಸರು ಸೀರಿ ನಿಮ್ದೇ. ಬಣ್ಣ ಹೋದ್ರ ನನ್ ಹೆಸರು ಬದಲ್ ಮಾಡ್ರಿ ಅಂದಿದ್ರಿ. ಮೊದಲ್ನೇ ನೀರಿಗೇ ಬಿಡ್ತು ನೋಡ್ರಿ. ನಮ್ಮ ಮಾವ ಆರು ತಿಂಗಳು ಹಸರು ಧೋತ್ರ ಉಟ್ಕೊಂಡು ತಿರಗ್ಯಾರ.”

“ಅಯ್ಯ, ಖರೇನಾ?”

“ನಿಮ್ಮ ಹೆಸರು ಬದಲ್ ಮಾಡೀವಿ ಬಿಡ್ರಿ ಊರಾಗ.”

“ಏನಂತ ಇಟ್ಟೀರವಾ?”

“ಅದೆಲ್ಲ ಯಾಕ ಈಗ. ನೀರು ಕುಡೀರಿ.”

ನೀರು ಕುಡಿದು, ನಾನೇ ಆ ಫೋನಿನವಳು ಎಂದು ಹೇಳಿದೆ. ಅವಳು ಒಳಗೆ ಕರೆದುಕೊಂಡು ಹೋಗಿ ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳ ತೆಗೆದಳು. ತಳದಲ್ಲಿ ನಾಲ್ಕು ಹಿಡಿ ಮಣ್ಣು. ಅಷ್ಟರಲ್ಲೇ ತಲೆ ಹುದುಗಿಸಲು ನೋಡುತ್ತಿತ್ತು ಅದು. ಮಣ್ಣು ಸಾಲದೆ ಬೆನ್ನು ಮೇಲೇ ಉಳಿದಿತ್ತು. ನನಗೆ ಸಂಕಟವಾಯಿತು. ಸಂಕಟವಾದಾಗ ನನಗೆ ಬರುವುದು ಒಂದೇ ವಿದ್ಯೆ.

“ಭಾಳ ಸಣ್ಣದದಲ್ಲವಾ ಇದು. ಇದರಾಗ ಏನದ...”

“ಹೆಸರಿಡಬ್ಯಾಡ್ರಿ” ಎಂದಳು ಮಹಾನಂದಾ. “ನೀವು ಹೆಸರಿಟ್ರ ನಿಮಗ ಅದು ಬೇಕಾಗ್ಯದ ಅಂತ. ಸೀರೀ ಬದ್ಲಿಗಿ ನಮ್ಮ ಹೊಲದ ಜ್ವಾಳ ತಗೊಂಬಾಗ ಹಿಂಗೇ ಹೆಸರಿಟ್ಟು ಹೆಸರಿಟ್ಟೇ ತಗೊಂಡ್ರಿ ಆವತ್ತು.”

ಸರಿ, ಹೊಗಳೋಣವೆಂದು, “ರೈತಗ ಇದರಂಥ ಗೆಳೆಯ...” ಎಂದು ಶುರುಮಾಡಿದೆ.

“ಹೊಗಳಬ್ಯಾಡ್ರಿ. ಆ ಸೀರೀನೂ ಹಿಂಗೇ ಹೊಗಳಿದ್ರಿ.”

ಎರಡು ಬಾಗಿಲೂ ಮುಚ್ಚಿದವು. ಇಷ್ಟು ವರ್ಷ ಆ ಎರಡರಲ್ಲೇ ಒಳಗೆ ಹೊರಗೆ ಓಡಾಡಿದವಳು ನಾನು. ಹುಣಸೆ ಸಿಪ್ಪೆಯ ನಡುವೆ ಕೂತುಬಿಟ್ಟೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬರೆದದ್ದು ನಾನು, ತಪ್ಪು ಬರೆದದ್ದು. ಅದು ನಿಧಿ ತೋರಿಸುವುದಿಲ್ಲ, ಇಲಿ ತಿನ್ನುತ್ತದೆ ಅಷ್ಟೇ. ಡ್ರಮ್ಮಿನಲ್ಲಿ ಬಹಳ ದಿನ ಬದುಕುವುದಿಲ್ಲ. ನಾಳೆ ದಲ್ಲಾಳಿ ಒಯ್ದರೆ ಅದರ ಕಥೆ ಮುಗಿಯಿತು, ಇಲಾಖೆಯವರು ಬಂದರೆ ಗುಂಡಪ್ಪನ ಕಥೆ. ಎರಡೂ ನನ್ನ ತಲೆಯ ಮೇಲೆ.

ಮಹಾನಂದಾ ಹುಣಸೆಬೀಜವೊಂದನ್ನು ಬೆರಳಲ್ಲಿ ಹೊರಳಿಸುತ್ತಿದ್ದಳು.

“ಸೀರಿ ಬದಲ್ ಮಾಡಿ ಕೊಡ್ರಿ. ಹಾವು ಬಿಡಸ್ತೀನಿ.”

ಇದಕ್ಕಿಂತ ಅಗ್ಗದ ಸೌದಾ ಪ್ರಪಂಚದಲ್ಲಿ ಉಂಟೆ? ನನ್ನ ಚೀಲದಲ್ಲಿ, ರೂಢಿಯಂತೆ, ಎರಡು ಹೊಸ ಸೀರೆ ಇದ್ದವು. ಒಂದು ಹಸಿರೇ. ಕೈ ಚೀಲದ ಜಿಪ್ಪಿನ ಮೇಲೆ ಹೋಗಿಯೂ ಇತ್ತು. ಆ ಕೈಯನ್ನು ಅಲ್ಲಿಂದ ತೆಗೆಯಲು ನಾನು ಪಟ್ಟ ಪಾಡು ಯಾರಿಗೂ ಬೇಡ.

“ಕೊಡಂಗಿಲ್ಲವಾ. ಕೊಟ್ರ ಹಾವು ಕೊಂಡಂಗ ಆಗ್ತದ.”

“ಮುಂದ ಕೊಡ್ತೀರೇನು?”

“ಅದೂ ಹೇಳಂಗಿಲ್ಲ.”

“ಮತ್ತ ಏನ್ ಕೊಡ್ತೀರಿ?”

“ಏನೂ ಇಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗಲಿಕ್ಕೆ ಹತ್ತಿದಳು. “ಇಷ್ಟು ವರ್ಷದಾಗ ಇವತ್ತೇ ನೋಡ್ರಿ ಅಕ್ಕಾ, ನೀವು ಖರೇ ಭಾವ ಹೇಳಿದ್ದು.”

ಆಗ ಅವಳ ಮನಸ್ಸು ಹೊರಬಂತು. ಹಾವು ಡ್ರಮ್ಮಿಗೆ ಬಂದಾಗಿನಿಂದ ಗಂಡ ಹೊಲದ ಕಡೆ ತಲೆ ಹಾಕುತ್ತಿಲ್ಲ. ಅದರ ಪಕ್ಕವೇ ಹಾಸಿಗೆ. ಕಟ್ಟಿಸುವ ಮನೆ ಎಷ್ಟು ಅಂಕಣದ್ದು ಎಂದು ಹೇಳಿ ಹೇಳಿ ಅವಳ ಕಿವಿ ತಿಂದಿದ್ದಾನೆ. ಊರ ಮಂದಿ ಒಂದಿಲ್ಲೊಂದು ನೆಪಕ್ಕೆ ಇಣುಕುತ್ತಾರೆ. ಅವಳಿಗೆ ಯಾವಾಗಲೋ ಸಾಕಾಗಿತ್ತು. ಅಷ್ಟರಲ್ಲಿ ಗುಂಡಪ್ಪನೇ ಬಂದ. ನನ್ನನ್ನು ಕಂಡು, “ಬಂದ್ರೇನು? ಈಗ ಭಾವ ಹೇಳ್ರಿ” ಎಂದ.

“ಭಾವ ನಾ ಹೇಳ್ತೀನಿ” ಎಂದಳು ಮಹಾನಂದಾ. “ಜೇಲಿಗಿ ಹೋಗವ್ರು ಯಾರು? ನೀ. ದಿನಾ ಬುತ್ತಿ ಕಟ್ಕೊಂಡು ಬಸ್ ಹತ್ತವ್ರು ಯಾರು? ನಾ. ಹೊರು ಡ್ರಮ್ಮು.”

“ಏ, ಮನೀ ಕಟ್ಟಸಬೇಕಂದ್ರ...”

“ಇದ್ದ ಮನ್ಯಾಗ ಜ್ವಾಳ ಇಡಾಕ ಡ್ರಮ್ ಇಲ್ಲ. ಹೊರು.”

ಅವನು ಹೊತ್ತ. ಹಿಂದೆ ಅವಳು, ಅವಳ ಹಿಂದೆ ನಾನು. ಬೇಸಿಗೆಯ ಖಾಲಿ ಹೊಲ, ಕಪ್ಪು ಮಣ್ಣು ಬಿರುಕು ಬಿಟ್ಟಿತ್ತು. ಬದುವಿನ ಬೇವಿನ ಬುಡದಲ್ಲಿ ಅವನು ಅಗೆದ ಗುಂಡಿ ಹಾಗೇ ಬಾಯಿ ತೆರೆದಿತ್ತು. ಡ್ರಮ್ಮು ಮಲಗಿಸಿದ. ಹಾವು ತಕ್ಷಣ ಬರಲಿಲ್ಲ. ನಾವು ಮೂವರೂ ಕಾದು ನಿಂತೆವು. ಗುಂಡಪ್ಪ ಇನ್ನೊಮ್ಮೆ ನನ್ನ ಕಡೆ ತಿರುಗಿ, “ಕಡೀ ಮಾತು ಏನರ...” ಎಂದ. ನಾನು ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡೆ. ಹಾವು ಮೆಲ್ಲಗೆ ಹೊರಗೆ ಬಂದು, ಸಡಿಲ ಮಣ್ಣಿಗೆ ಮೂತಿ ಇಟ್ಟು, ಒಳಗೆ ಹೋಗತೊಡಗಿತು. ಆತುರವಿಲ್ಲ, ಹಿಂದೆ ನೋಡುವುದಿಲ್ಲ. ಕಡೆಯ ಗೇಣು ಮಣ್ಣಲ್ಲಿ ಮುಳುಗಿದ ಮೇಲೆ ಮಹಾನಂದಾ ಗುಂಡಿಗೆ ಕಾಲಲ್ಲೇ ಮಣ್ಣು ದೂಡಿದಳು.

ಸಂಜೆ ಮೇಘನಾಗೆ ವರದಿ ಕಳಿಸಿದೆ. ಅವಳು ಒಂದು ಹೃದಯದ ಚಿತ್ರ ಕಳಿಸಿ, ಕೆಳಗೆ, “ಇನ್ಮೇಲೆ ನನ್ನ ಕೇಳದೆ ಏನೂ ಹಾಕಬೇಡಿ ಆಂಟಿ, ಪ್ಲೀಸ್” ಎಂದು ಬರೆದಳು. ಆ ‘ಪ್ಲೀಸ್’ ಇಳಿಸಲು ನಾನು ಹೋಗಲಿಲ್ಲ.

ಆದರೂ ಗುರುವಾರ ನನಗೆ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ದಲ್ಲಾಳಿ ಬಂದಿರುತ್ತಾನೆ. ನೋಟು ತೋರಿಸುತ್ತಾನೆ. ಗುಂಡಪ್ಪನ ಕೈಯಲ್ಲಿ ಸಲಿಕೆ ಇದೆ, ಗುಂಡಿ ಎಲ್ಲಿದೆ ಎಂಬುದೂ ಗೊತ್ತಿದೆ. ಎರಡು ಸಲ ತಪ್ಪು ಬಟ್ಟೆ ಹರಿದೆ. ಮಧ್ಯಾಹ್ನ ಮೂರಕ್ಕೆ ಮಹಾನಂದಾಳೇ ಫೋನು ಮಾಡಿದಳು.

“ಬಂದಿದ್ದಾ?” ಎಂದೆ.

“ಬಂದಿದ್ನ್ರೀ ಅಕ್ಕಾ. ಕಾರ್ ತಗೊಂಡು ಬಂದಿದ್ದಾ. ನಮ್ಮವ್ರಿಗಿ ಬೆಳಿಗ್ಗೀನೇ ಮುರುಮಕ್ಕ ಎಣ್ಣಿ ತರ್ಲಾಕ ಕಳಿಸೀನಿ. ಡ್ರಮ್ ತೆಗದು ನೋಡ್ದಾ, ಜ್ವಾಳ ತುಂಬೀನಿ. ಹಾವೆಲ್ಲಿ ಅಂದಾ. ಹೊಲದಾಗ ಬಿಟ್ಟೀವಿ ಅಂದೆ.”

“ಅಯ್ಯ, ಖರೇ ಯಾಕ ಹೇಳ್ದಿ!”

“ಹೇಳೀನಿ. ಬದು ಈ ಕಡೀಗಿ ಅದ, ನಾ ಆ ಕಡೀಗಿ ಕೈ ಮಾಡೀನಿ. ನಾಕ್ ಎಕರೆ ಅದ ಅಣ್ಣಾರೆ, ಎಲ್ಲಿ ಸಿಗ್ತದೋ ಅಗೀರಿ ಅಂತ ಸಲಿಕಿ ಕೊಟ್ಟೀನಿ.”

“ಅಗದಾನಾ?”

“ಎರಡ್ ತಾಸು ಅಗದಾನ್ರೀ ಪಾಪ, ಅಂಗಿ ಬಿಚ್ಚಿಟ್ಟು. ಬ್ಯಾಸಗ್ಯಾಗಿನ ನೆಲ ನೋಡ್ರಿ, ಒಂದು ಹಾಸಿಗಿಯಷ್ಟೇ ಬಿತ್ತಾಕ ಹದ ಆಗ್ಯದ. ಉಳದಿದ್ದಕ್ಕ ನಾಳಿ ಜರಾ ಲಗೂನೇ ಬರ್ರಿ ಅಂತ ಹೇಳಿ ಕಳಿಸೀನಿ.”